ಕೇದಗೆಯ ದೃಷ್ಟಿಬೊಟ್ಟು

ಬಹಳ ಬಹಳ ಹಿಂದೆ, ಕಡಲು ಈಗಿನಷ್ಟು ಉಪ್ಪಾಗಿರದ ಕಾಲದಲ್ಲಿ, ಶಂಖಾವತಿ ಎಂಬ ರಾಜ್ಯವಿತ್ತು. ಅದನ್ನು ಹೇಮಕೇತು ಎಂಬ ರಾಜ ಆಳುತ್ತಿದ್ದ. ರಾಜ ಒಳ್ಳೆಯವನೇ. ಹಾಡು ಕೇಳಿದರೆ ಅಳುತ್ತಿದ್ದ, ಊಟ ಮಾಡಿದರೆ ನಿದ್ದೆ ಹೋಗುತ್ತಿದ್ದ, ಯಾರು ಏನು ಹೇಳಿದರೂ ನಂಬುತ್ತಿದ್ದ. ಈ ಕಡೆಯ ಗುಣದಿಂದಲೇ ನಮ್ಮ ಕತೆ ಹುಟ್ಟಿತು.

ಶಂಖಾವತಿಯ ಬಂದರಿನ ಬಳಿ ತಿಪ್ಪಯ್ಯ ಎಂಬ ಬಳೆಗಾರನಿದ್ದ. ಗಾಜು ಕರಗಿಸಿ ಬಳೆ ಮಾಡುವುದು ಅವನ ಕಸುಬು. ಹೆಂಡತಿ ತೀರಿಕೊಂಡಿದ್ದಳು. ಮನೆಯಲ್ಲಿ ಅವನು, ಅವನ ಕುಲುಮೆ, ಅವನ ಒಬ್ಬಳೇ ಮಗಳು ಕೇದಗೆ. ಒಮ್ಮೆ ದೂರದೇಶದ ಹಡಗೊಂದು ಬಂತು. ಹಡಗಿನವನೊಬ್ಬ ಹೆಂಡತಿಗೆಂದು ಎರಡೂ ಕೈ ತುಂಬುವಷ್ಟು ಬಳೆ ಆರಿಸಿಕೊಂಡು, ಬದಲಿಗೆ ಒಂದು ಮರದ ವಾದ್ಯ ಕೊಟ್ಟುಹೋದ. ಅದಕ್ಕೆ ದಪ್ಪ ಹೊಟ್ಟೆ, ಉದ್ದ ಕುತ್ತಿಗೆ, ಮೈಮೇಲೆ ಆರು ತಂತಿ. ಗಿಟಾರು ಎಂದು ಹೆಸರು ಹೇಳಿದ. ಹೇಗೆ ಹಿಡಿಯಬೇಕೆಂದು ಹೇಳಲು ಮರೆತ.

ಅದನ್ನು ಪುಟ್ಟ ಕೇದಗೆಯೇ ತೀರ್ಮಾನಿಸಿದಳು. ನೆರೆಮನೆಯ ಅಜ್ಜಿ ಕೂಸಿಗೆ ಎಣ್ಣೆ ಹಚ್ಚುವಾಗ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಳ್ಳುವುದನ್ನು ಅವಳು ನೋಡಿದ್ದಳು. ಹಾಗೇ ಗಿಟಾರನ್ನೂ ಮಲಗಿಸಿಕೊಂಡಳು. ತಂತಿ ಒತ್ತಲು ಆ ಎಳೆಯ ಬೆರಳಿಗೆ ಶಕ್ತಿ ಸಾಲಲಿಲ್ಲ. ಕುಲುಮೆಯ ಪಕ್ಕ ಬಿದ್ದಿದ್ದ ನುಣುಪಾದ ಗಾಜಿನ ಗಟ್ಟಿಯೊಂದನ್ನು ಎಡಗೈಯಲ್ಲಿ ಹಿಡಿದು ತಂತಿಯ ಮೇಲೆ ಜಾರಿಸಿದಳು, ಬಲಗೈಯಿಂದ ಮೀಟಿದಳು. ವಾದ್ಯ ಮನುಷ್ಯರ ಹಾಗೆ ಬಾಯಿಬಿಟ್ಟು ಹಾಡಿತು. ಬೀದಿಯಲ್ಲಿ ಹೋಗುತ್ತಿದ್ದ ಮೀನಿನ ಹೆಂಗಸು ಬುಟ್ಟಿ ಇಳಿಸಿ ಅಲ್ಲೇ ಕುಕ್ಕರಿಸಿದಳು. ಬೆಕ್ಕು ಬಂದು ಮೀನು ಕಚ್ಚಿಕೊಂಡು ಹೋದರೂ ಅವಳಿಗೆ ಗೊತ್ತಾಗಲಿಲ್ಲ.

ಕೇದಗೆಗೆ ಎಂಟು ತುಂಬುವ ಹೊತ್ತಿಗೆ ಸುದ್ದಿ ಅರಮನೆ ಮುಟ್ಟಿತ್ತು. ತುಂಬಿದ ಸಭೆಯಲ್ಲಿ ಅವಳು ಕಾಲು ಚಾಚಿ ಕೂತು ನುಡಿಸಿದಳು. ರಾಜ ಗಳಗಳನೆ ಅತ್ತ. ರಾಣಿಯ ಎದೆ ಮಾತ್ರ ಡವಡವ ಎಂದಿತು. ಯಾಕೆಂದರೆ ಶಂಖಾವತಿಯವರಿಗೆ ಹುಲಿಯ ಭಯವಿರಲಿಲ್ಲ, ಶತ್ರುವಿನ ಭಯವಿರಲಿಲ್ಲ, ಕೆಟ್ಟ ದೃಷ್ಟಿಯ ಭಯವೊಂದಿತ್ತು. ಅಲ್ಲಿ ಒಳ್ಳೆಯ ಕುಂಬಳಕಾಯಿ ಬಿಟ್ಟರೂ ಅದಕ್ಕೊಂದು ಕಪ್ಪು ಬೊಟ್ಟು ಇಡುತ್ತಿದ್ದರು.

"ಇಷ್ಟು ಜನರ ಕಣ್ಣು ಈ ಮಗುವಿನ ಮೇಲೆ ಬಿತ್ತಲ್ಲ! ಕರೆಸಿ ಅಚಲಕಂಠರನ್ನು!" ಎಂದಳು ರಾಣಿ.

ಅಚಲಕಂಠನೆಂದರೆ ಅರಮನೆಗೆ ದೃಷ್ಟಿ ತೆಗೆಯುವವನು. ಉತ್ತರದ ನಿಲುಬೆಟ್ಟದಲ್ಲಿ ಅವನ ವಾಸ. ರಾಜನ ಅಜ್ಜನಿಗೂ ಅವನೇ ದೃಷ್ಟಿ ತೆಗೆದದ್ದು, ಆದರೆ ಅವನ ಗಡ್ಡದಲ್ಲಿ ಒಂದು ಬಿಳಿ ಕೂದಲಿರಲಿಲ್ಲ. ಇದು ಹೇಗೆ ಎಂದು ಯಾರೂ ಕೇಳಲಿಲ್ಲ. ನಾನಾದರೆ ಕೇಳುತ್ತಿದ್ದೆ. ಅವನು ಬಂದ, ಕಾಡಿಗೆಯ ಡಬ್ಬಿ ತೆಗೆದ, ಕೇದಗೆಯ ಕೆನ್ನೆಗೆ ಒಂದು ಬೊಟ್ಟಿಟ್ಟ.

"ಇನ್ನು ಈ ಮಗುವಿನ ಕಲೆಗೆ ಯಾವ ಕೇಡೂ ತಟ್ಟುವುದಿಲ್ಲ ಮಹಾರಾಣಿ. ಇವತ್ತು ಹೇಗಿದೆಯೋ ಹಾಗೇ ಇರುತ್ತದೆ," ಎಂದ.

ರಾಜ ಎಂದಿನಂತೆ ನಂಬಿದ, ಎಲ್ಲರೂ ಕೈಮುಗಿದರು. ತಿಪ್ಪಯ್ಯನಂತೂ ಅವನ ಕಾಲಿಗೇ ಬಿದ್ದ.

ವರ್ಷಗಳು ಉರುಳಿದವು. ಕೇದಗೆ ಬೆಳೆದಳು, ಜಡೆ ಬೆಳೆಯಿತು, ಲಂಗ ಹೋಗಿ ಸೀರೆ ಬಂತು. ನುಡಿಸುವ ಕೈ ಮಾತ್ರ ಬೆಳೆಯಲಿಲ್ಲ. ಎಂಟರಲ್ಲಿ ಏನು ನುಡಿಸಿದಳೋ ಹತ್ತರಲ್ಲಿ ಅದೇ, ಹದಿನೈದರಲ್ಲಿ ಅದೇ, ಇಪ್ಪತ್ತು ದಾಟಿದ ಮೇಲೂ ಅದೇ. ಮನಸ್ಸಿನೊಳಗೆ ಬೇರೆ ಏನೇನೋ ಕೇಳಿಸುತ್ತಿತ್ತು. ಅದರ ಹಿಂದೆ ಹೋಗೋಣವೆಂದು ಗಾಜನ್ನು ಜಾರಿಸಿದರೆ ಅದು ಹಟಮಾರಿ ಎತ್ತಿನ ಹಾಗೆ ತಿರುಗಿ ಹಳೆಯ ಜಾಗಕ್ಕೇ ಬಂದು ನಿಲ್ಲುತ್ತಿತ್ತು. ನುಡಿಸುತ್ತಿರುವುದು ತಾನೋ ಬೇರೆ ಯಾರೋ ಎಂದು ಅವಳಿಗೆ ತಿಳಿಯದಾಯಿತು.

"ಅಪ್ಪಾ, ಈ ಕೈ ನನ್ನದಲ್ಲ ಅನ್ಸತ್ತೆ," ಎಂದಳು ಒಂದು ದಿನ.

ತಿಪ್ಪಯ್ಯ ಗಾಬರಿಯಾದ. "ಬಿಡ್ತು ಅನ್ನವ್ವ! ರಾಜರು ಈಗಲೂ 'ಪುಟ್ಟೀ ಪುಟ್ಟೀ' ಅಂತ ಕರೀತಾರೆ. ಜನ ಮುದ್ದು ಮಾಡ್ತಾರೆ. ಇನ್ನೇನು ಬೇಕು?"

ಕೇದಗೆ ಗಾಜನ್ನು ಮತ್ತೆ ತಂತಿಯ ಮೇಲೆ ಜಾರಿಸಿದಳು, ಅದು ಮತ್ತೆ ಹಳೆಯ ಜಾಗಕ್ಕೇ ಬಂತು.

ಹೀಗಿರುವಾಗ ಒಬ್ಬ ಸಾಹುಕಾರನ ಮನೆಯ ನಾಮಕರಣಕ್ಕೆ ಅವಳನ್ನು ನುಡಿಸಲು ಕರೆದರು. ನಡುಮನೆಯಲ್ಲಿ ಕಚೇರಿ. ಬಾಣಂತಿ ಒಳಕೋಣೆಯಲ್ಲಿ, ಪರದೆಯ ಹಿಂದೆ ಮಲಗಿದ್ದಳು. ಬೇರೆ ದೇಶದಿಂದ ಸೊಸೆಯಾಗಿ ಬಂದವಳು, ಕೇದಗೆಯ ಹೆಸರನ್ನೇ ಕೇಳಿರಲಿಲ್ಲ. ಕಿವಿಗೆ ಬಿದ್ದ ನಾದ ಬಿಟ್ಟು ಬೇರೇನೂ ಅವಳಿಗೆ ಗೊತ್ತಿಲ್ಲ. ಕಚೇರಿ ಮುಗಿದಾಗ ಸೂಲಗಿತ್ತಿಯ ಕೈಯಲ್ಲಿ ಒಂದು ಉಡುಗೊರೆ ಕಳಿಸಿದಳು.

"ನುಡಿಸಿದ ಮಗುವಿಗೆ ಕೊಡು ಅಂದ್ರು," ಎಂದು ಸೂಲಗಿತ್ತಿ ಬಟ್ಟೆಯ ಗಂಟನ್ನು ಕೇದಗೆಯ ಮುಂದೆ ಹಿಡಿದಳು. ಬಿಚ್ಚಿದರೆ ಪುಟ್ಟ ರೇಷ್ಮೆ ಲಂಗ. ಎಂಟು ವರ್ಷದ ಹುಡುಗಿಯ ಅಳತೆಯದು. ನೋಡಿದವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಕೇದಗೆ ಮನೆಗೆ ಬಂದು, ಕದ ಹಾಕಿಕೊಂಡು, ಆ ಲಂಗವನ್ನು ಸೊಂಟಕ್ಕೆ ಹಿಡಿದು ನೋಡಿದಳು. ಸೊಂಟದ ಅರ್ಧಕ್ಕೂ ಬರಲಿಲ್ಲ. ಅವಳಿಗೆ ಬಹಳ ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಮುಖ ತೊಳೆಯಲು ಹೋದಳು. ಎಂಟರ ವಯಸ್ಸಿನಿಂದ ಅಲ್ಲೇ ಇದ್ದ, ರಕ್ಷೆಯೆಂದು ಯಾರೂ ಅಳಿಸಲು ಹೋಗದ ಕೆನ್ನೆಯ ಬೊಟ್ಟು ಕೈಗೆ ತಾಕಿತು. ಅಳಿಸೋಣವೆಂದು ಉಜ್ಜಿದಳು. ಸೀಗೆಪುಡಿಗೆ ಹೋಗಲಿಲ್ಲ, ಕಡಲೆಹಿಟ್ಟಿಗೆ ಹೋಗಲಿಲ್ಲ, ಬೂದಿಗೂ ಹೋಗಲಿಲ್ಲ. ಕೆನ್ನೆ ಕೆಂಪಾಯಿತು, ಬೊಟ್ಟು ಕಪ್ಪಗೇ ಉಳಿಯಿತು. 'ಹಾಗೇ ಇರುತ್ತದೆ' ಎಂದು ಅಚಲಕಂಠ ಹೇಳಿದ ಮಾತು ಆಗ ನೆನಪಾಯಿತು. ಇಟ್ಟವನೇ ತೆಗೆಯಲಿ ಎಂದು ಗಿಟಾರನ್ನು ಬೆನ್ನಿಗೆ ಕಟ್ಟಿಕೊಂಡು ಉತ್ತರಕ್ಕೆ ಹೊರಟಳು. ತಿಪ್ಪಯ್ಯ ಅಳುತ್ತ ಬುತ್ತಿ ಕಟ್ಟಿಕೊಟ್ಟ.

ಹೋದಳು, ಹೋದಳು, ಊರುಗಳು ಮುಗಿಯುವವರೆಗೂ ಹೋದಳು. ಎರಡು ಬಂಡೆಗಳ ನಡುವಿನ ಕಿರುದಾರಿಯಲ್ಲಿ ಒಂದು ಆನೆ ನಿಂತಿತ್ತು. ಮುಂದಿನ ಒಂದು ಕಾಲು ಮೇಲೆತ್ತಿದ್ದು ಎತ್ತಿದಂತೆಯೇ ಇತ್ತು. ದಾರಿ ಸರಿಯಾಗಿ ಆ ಕಾಲಿನ ಕೆಳಗೇ ಹೋಗುತ್ತಿತ್ತು.

"ಆನೆಯಣ್ಣಾ, ದಾರಿ ಬಿಡ್ತೀಯಾ?"

"ಹೋಗೋದಾದ್ರೆ ಹೋಗು ಮಗಳೇ," ಎಂದಿತು ಆನೆ. "ಆದರೆ ಈ ಕಾಲು ಯಾವಾಗ ಇಳಿಯುತ್ತೋ ನನಗೇ ಗೊತ್ತಿಲ್ಲ. ಅಚಲಕಂಠ ನಿಲ್ಲಿಸಿಹೋದ. ಅವನದು ಸ್ತಂಭನವಿದ್ಯೆ, ನಡೆಯುವುದನ್ನು ನಿಲ್ಲಿಸುವುದು. ನಿಂತ ಆಯಸ್ಸನ್ನೆಲ್ಲ ತಾನು ತಗೊಳ್ತಾನೆ. ನನ್ನ ಮುಂದೆ ಏನಾದರೂ ನಿಜವಾಗಿ ನಡೆದರೆ ನಾನೂ ನಡೆದೇನು."

ಕೇದಗೆ ಕಾಲು ಚಾಚಿ ಕೂತು ತನ್ನ ಹೆಸರಾಂತ ರಾಗ ನುಡಿಸಿದಳು. ಆನೆ ಕಣ್ಣು ಮಿಟುಕಿಸಲಿಲ್ಲ. "ಮುದ್ದಾಗಿದೆ," ಎಂದಿತು. ಆ ಮಾತು ಕೇಳಿ ಅವಳಿಗೆ ಮೈ ಉರಿಯಿತು. ಇನ್ನೊಮ್ಮೆ ನುಡಿಸಿದಳು. "ಇದೂ ಮುದ್ದಾಗಿದೆ," ಎಂದಿತು. ಸಿಟ್ಟಿನಲ್ಲಿ ಅವಳು ಗಿಟಾರನ್ನು ಸರ್ರನೆ ತಿರುಗಿಸಿದಳು, ಕತ್ತು ಎಡಗಡೆ ಇದ್ದದ್ದು ಬಲಗಡೆಗೆ ಬಂತು. ಗಾಜು ಬಲಗೈಗೆ, ಮೀಟುವ ಕೆಲಸ ಎಡಗೈಗೆ. ಏನಾದರಾಗಲಿ ಎಂದು ಎಳೆದಳು. ಕೀಚ್ ಎಂದು, ಒಣಗಿದ ರಾಟೆಯ ಹಾಗೆ, ಕೇಳಬಾರದ ಸದ್ದು ಬಂತು.

ಆನೆಯ ಕಿವಿ ಅಲ್ಲಾಡಿತು. "ಅದೇನದು?"

"ತಪ್ಪು," ಎಂದಳು ಕೇದಗೆ, ನಾಚಿಕೆಯಿಂದ.

"ಆ ತಪ್ಪನ್ನೇ ಇನ್ನೊಂದಿಷ್ಟು ಮಾಡು!"

ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಆದರೂ ಅಡ್ಡಾದಿಡ್ಡಿ ಎಳೆದಳು, ಅಡ್ಡಾದಿಡ್ಡಿ ಮೀಟಿದಳು. ಎಳೆಯುತ್ತ ಎಳೆಯುತ್ತ ಗಮನಿಸಿದಳು: ಗಾಜು ಹಿಂದಕ್ಕೆ ಓಡುತ್ತಿಲ್ಲ. ಬೊಟ್ಟಿಡುವಾಗ ಅವಳ ಕೈಗಳಿಗೆ ಏನು ಗೊತ್ತಿತ್ತೋ ಅದನ್ನು ಮಾಂತ್ರಿಕ ಕಟ್ಟಿಹಾಕಿದ್ದ. ಕೆಲಸ ಅದಲುಬದಲಾದಾಗ ಆ ಕೈಗಳಿಗೆ ಏನೂ ಗೊತ್ತೇ ಇರಲಿಲ್ಲ, ಕಟ್ಟುವುದಾದರೂ ಏನನ್ನು? ಆನೆ ದೊಡ್ಡ ನಿಟ್ಟುಸಿರು ಬಿಟ್ಟು ಕಾಲನ್ನು ಪಕ್ಕಕ್ಕಿಟ್ಟು ದಾರಿ ಬಿಟ್ಟಿತು. ಖುಷಿಪಡಬೇಕೋ ಅಳಬೇಕೋ ಕೇದಗೆಗೆ ತಿಳಿಯಲಿಲ್ಲ. ಇಡೀ ರಾಜ್ಯ ಮೆಚ್ಚಿದ್ದು ಒಂದು ಕಡೆ, ಈ ಕರ್ಕಶ ಒಂದು ಕಡೆ. ನಡೆಯುವುದು ಈ ಕರ್ಕಶವೇ ಆಗಿತ್ತು.

ಮುಂದೆ ಒಂದು ಹೊಳೆ. ಅದೂ ನಿಂತುಹೋಗಿತ್ತು. ಎದ್ದ ಅಲೆ ಎದ್ದಲ್ಲೇ ಗಟ್ಟಿಯಾಗಿ, ಅಂಚು ಕತ್ತಿಯಷ್ಟು ಚೂಪಾಗಿತ್ತು. ಕಾಲಿಟ್ಟರೆ ಪಾದ ಸೀಳುತ್ತದೆ. ದಡದಲ್ಲಿ ಒಂದು ಮೊಸಳೆ ಬಾಯಿ ತೆರೆದು ಕೂತಿತ್ತು, ಆ ಬಾಯಿಯೂ ಮುಚ್ಚದ ಹಾಗೆ ನಿಂತಿತ್ತು.

ಕೇದಗೆ ಕೂತು, ಕೈ ಬದಲಿಸಿ, ಎಳೆದಳು.

"ಅಯ್ಯಯ್ಯೋ ತಂಗೀ!" ಎಂದು ಮೊಸಳೆ ಗಂಟಲಿನಿಂದಲೇ ಕೂಗಿತು. "ನನ್ನ ಬಾಯಂತೂ ಮುಚ್ಚಲ್ಲ, ಕಿವಿಯಾದ್ರೂ ಯಾರಾದ್ರೂ ಮುಚ್ಚಿ! ಹಲ್ಲೆಲ್ಲ ಜುಮ್ಮಂತಿದೆ!"

"ಆನೆಗೆ ಇಷ್ಟೇ ಸಾಕಾಗಿತ್ತು."

"ಆನೆ ಒಂದು ಹೆಜ್ಜೆ ಇಟ್ಟರೆ ಆಯ್ತು ತಾಯಿ. ಹೊಳೆ ಹರೀಬೇಕು. ಒಂದು ಕೀಚ್ ಅಂದ್ರೆ ಹರಿಯುತ್ತಾ?"

ಸರಿ, ಹೋಗಲಾರದೆ, ಹಿಂದಿರುಗಲಾರದೆ, ಕೇದಗೆ ಆ ದಡದಲ್ಲೇ ಉಳಿದಳು. ಕಾಡುಹಣ್ಣು ತಿಂದಳು, ಗೆಡ್ಡೆ ಸುಟ್ಟಳು. ಮಳೆಗಾಲ ಹೋಯಿತು, ಚಳಿ ಬಂತು. ಬೆಳಿಗ್ಗೆ ಎದ್ದು ತಪ್ಪು ಕೈಯಲ್ಲಿ ನುಡಿಸುವುದು, ಮೊಸಳೆಯಿಂದ ಬೈಸಿಕೊಳ್ಳುವುದು, ಮತ್ತೆ ನುಡಿಸುವುದು. ಅವಳು ಹುಟ್ಟಾ ನುಡಿಸಬಲ್ಲವಳಾಗಿದ್ದಳು. ಕಲಿಯುವುದೆಂದರೆ ಏನೆಂದೇ ಅವಳಿಗೆ ಗೊತ್ತಿರಲಿಲ್ಲ. ಬೆರಳು ಒಡೆದಾಗ ಅಳುತ್ತಿದ್ದಳು. ಒಂದು ದಿನ ಚೆನ್ನಾಗಿ ಬಂದದ್ದು ಮರುದಿನ ಕೈಗೇ ಸಿಗುತ್ತಿರಲಿಲ್ಲ. ತಾನು ಮುಂದೆ ಹೋಗುತ್ತಿದ್ದೇನೋ ಹಿಂದೆ ಹೋಗುತ್ತಿದ್ದೇನೋ ಎಂದು ಕೇಳಿದರೆ ಮೊಸಳೆ, "ನಂಗೇನು ಗೊತ್ತು, ನಾನು ಮೊಸಳೆ," ಎನ್ನುತ್ತಿತ್ತು. ಆದರೆ ಬರುಬರುತ್ತ ಅದರ ಬೈಗುಳ ಕಡಿಮೆಯಾಯಿತು.

ಒಂದು ಮಧ್ಯಾಹ್ನ ಅವಳಿಗೆ ತಾಯಿಯ ನೆನಪಾಯಿತು. ಮುಖವೊಂದು ಕಣ್ಣ ಮುಂದೆ ಬಂತು. ಅದು ತಾಯಿಯದೋ, ನೆರೆಮನೆಯ ಹೆಂಗಸಿನದೋ? ಎಷ್ಟು ಯೋಚಿಸಿದರೂ ಗೊತ್ತಾಗಲಿಲ್ಲ. ಆ ಗೊತ್ತಾಗದ ಸಂಕಟದಲ್ಲೇ ಅವಳ ಕೈ ತಂತಿಯ ಮೇಲೆ ಹೋಯಿತು. ಗಾಜು ಒಂದು ಸ್ವರದಿಂದ ಹೊರಟು, ಇನ್ನೊಂದನ್ನು ಮುಟ್ಟದೆ, ನಡುವೆ ಎಲ್ಲೋ ಹುಡುಕುತ್ತ, ಅನುಮಾನಿಸುತ್ತ, ಬಹಳ ಹೊತ್ತು ಅಲೆಯಿತು. ಅವಳು ಅಳುತ್ತಿದ್ದಳು. ಕಣ್ಣೊರೆಸಿಕೊಂಡು ನೋಡಿದರೆ ಪಾದದ ಬಳಿ ನೀರು ತಣ್ಣಗೆ ಹರಿಯುತ್ತಿತ್ತು.

ಮೊಸಳೆ ಬಾಯಿ ಮುಚ್ಚಿತು. ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿತು.

ನಿಲುಬೆಟ್ಟದಲ್ಲಿ ಗಾಳಿಯೂ ಬೀಸುತ್ತಿರಲಿಲ್ಲ. ಹತ್ತುತ್ತಿದ್ದಂತೆ ಗವಿಯೊಳಗಿಂದ ಗಿಟಾರಿನ ನಾದ ಕೇಳಿಸಿತು. ಕೇದಗೆ ಅಲ್ಲೇ ನಿಂತಳು. ಚಿಕ್ಕಂದಿನಿಂದ ತನ್ನ ಮನಸ್ಸಿನೊಳಗೆ ಕೇಳಿಸುತ್ತಿದ್ದು, ಕೈಗೆ ಮಾತ್ರ ಬಾರದೇ ಹೋದದ್ದೆಲ್ಲ ಅಲ್ಲಿತ್ತು. ಎಷ್ಟು ಆಳ, ಎಷ್ಟು ನೆಮ್ಮದಿ! ಓಡಿ ಒಳಗೆ ಹೋದಳು. ಅಚಲಕಂಠ ಕೂತಿದ್ದ. ಅವನ ಮುಂದೆ ಒಂದು ಬಿಳಿ ಶಂಖ, ನಾದ ಬರುತ್ತಿದ್ದದ್ದು ಅದರೊಳಗಿಂದ.

"ಬಾ ಪುಟ್ಟೀ," ಎಂದ ಮಾಂತ್ರಿಕ. "ಬರ್ತೀಯ ಅಂತ ಗೊತ್ತಿತ್ತು. ಇದು ನೀನು ನುಡಿಸಬೇಕಾಗಿದ್ದ ಸಂಗೀತ. ನಿನ್ನ ಕಲೆ ಬೆಳೆಯಬೇಕಿದ್ದ ವರ್ಷಗಳ ಪ್ರಾಯವನ್ನು ನಾನು ಕುಡಿದೆ, ನಾದವನ್ನು ಇದರಲ್ಲಿ ತುಂಬಿಟ್ಟೆ. ನಿಂತ ಹೊಳೆಯನ್ನು ಹರಿಸಿದವಳ ಜೊತೆ ನನಗೆ ಜಗಳ ಬೇಡ. ಬೊಟ್ಟು ಅಳಿಸ್ತೀನಿ, ಶಂಖವನ್ನೂ ಕೊಡ್ತೀನಿ. ಕಿವಿಗಿಟ್ಟುಕೋ, ಎಲ್ಲ ನಿನ್ನ ಕೈಗೆ ಇಳಿಯುತ್ತೆ. ಬದಲಿಗೆ ಆ ತಪ್ಪು ಕೈಯ ವಿದ್ಯೆಯನ್ನು ನನಗೆ ಕೊಟ್ಟುಬಿಡು. ಅದು ನಿನಗ್ಯಾಕೆ?"

ಕೇದಗೆ ಶಂಖವನ್ನೇ ನೋಡಿದಳು. ಅದು ಅವಳದೇ, ಕದ್ದದ್ದು, ವಾಪಸು ಕೊಡುತ್ತಿದ್ದಾನೆ. ತೆಗೆದುಕೊಂಡರೆ ತಪ್ಪೇನು? ಆದರೆ ತಾನು ಒಂದು ದಿನವೂ ನುಡಿಸದ್ದು ತನ್ನದು ಹೇಗಾಗುತ್ತದೆ? ಅಲ್ಲ, ತನ್ನದಲ್ಲದಿದ್ದರೆ ಎದೆ ಹೀಗೇಕೆ ಒದ್ದಾಡುತ್ತಿದೆ? ಕೈ ಚಾಚಿದಳು, ಹಿಂದಕ್ಕೆ ತೆಗೆದುಕೊಂಡಳು, ಮತ್ತೆ ಚಾಚಿದಳು.

"ಇನ್ನೊಂದ್ಸಲ ಕೇಳ್ಬೋದಾ?" ಎಂದಳು.

"ಎಷ್ಟು ಸಲ ಬೇಕಾದರೂ," ಎಂದ ಅವನು.

ಶಂಖ ಇನ್ನೊಮ್ಮೆ ನುಡಿಯಿತು. ಮತ್ತೊಮ್ಮೆ ನುಡಿಯಿತು. ಅದೇ ಏರು, ಅದೇ ಇಳಿ, ಅದೇ ಕಡೆ ಅದೇ ನಡುಕ. ಆ ನಾದ ಇಪ್ಪತ್ತು ದಾಟಿದವಳು ನುಡಿಸಿದ ಹಾಗಿದ್ದರೂ ಎಂದೆಂದಿಗೂ ಇಪ್ಪತ್ತರಲ್ಲೇ ನಿಂತಿರುತ್ತದೆ. ಮೂವತ್ತಾದಾಗಲೂ ಇದನ್ನೇ ನುಡಿಸುತ್ತೇನೆ, ಮುದುಕಿಯಾದಾಗಲೂ ಇದನ್ನೇ, ಎಂದುಕೊಂಡಳು.

"ಬೇಡ," ಎಂದಳು. ಬೇಕು ಎಂಬ ಆಸೆ ಇನ್ನೂ ಹೋಗಿರಲಿಲ್ಲ.

"ಹಾಗಾದರೆ ಇರುವುದನ್ನೂ ಕಳಕೋ!" ಎಂದು ಅಚಲಕಂಠ ಎದ್ದ. ಅವನ ಗಡ್ಡ ನೆಟ್ಟಗಾಯಿತು. "ನುಡಿಸು, ನಿಲ್ಲಿಸಿಬಿಡ್ತೀನಿ!"

ಕೇದಗೆ ಕಾಲು ಚಾಚಿ ಕೂತಳು, ತಪ್ಪು ಕೈಯಲ್ಲೇ ನುಡಿಸಲು ಶುರುಮಾಡಿದಳು. ಮಾಂತ್ರಿಕನಿಗೆ ಏನನ್ನಾದರೂ ನಿಲ್ಲಿಸಬೇಕಾದರೆ ಅದು ಮುಂದೆ ಎಲ್ಲಿ ಕಾಲಿಡುತ್ತದೆಂದು ಮೊದಲೇ ತಿಳಿಯಬೇಕಿತ್ತು. ಎತ್ತಿದ ಕಾಲಿಗೆ ಅಡ್ಡ ಹಾಕುವುದೇ ಅವನ ವಿದ್ಯೆ. ನಾದ ಮೇಲಕ್ಕೆ ಹೋಗುತ್ತದೆಂದು ಅವನು ಮೇಲೆ ಕೈಯೊಡ್ಡಿದ, ಅದು ಅರ್ಧದಲ್ಲೇ ತಿರುಗಿ ಕೆಳಗೆ ಜಾರಿತು. ಕೆಳಗೆ ಹಿಡಿಯಹೋದ, ಅದು ನಡುವೆಯೇ ತಡವರಿಸಿತು. "ಎಲ್ಲಿಗೆ ಹೋಗ್ತಿದ್ದೀಯ, ಹೇಳು!" ಎಂದು ಕಿರುಚಿದ.

"ನನಗೂ ಗೊತ್ತಿಲ್ಲ!" ಎಂದಳು ಕೇದಗೆ. ಅದು ನಿಜವಾಗಿತ್ತು. ಆ ಗವಿಯಲ್ಲಿ ಅವಳಷ್ಟು ಗೊಂದಲದಲ್ಲಿದ್ದವರು ಬೇರೆ ಯಾರೂ ಇರಲಿಲ್ಲ. ಆದರೆ ಅವಳು ನಿಲ್ಲಲಿಲ್ಲ. ಗೊತ್ತಿಲ್ಲದೆಯೇ ಒಂದು ಜಾಗ, ಅಲ್ಲಿಂದ ಗೊತ್ತಿಲ್ಲದೆಯೇ ಇನ್ನೊಂದು.

ಅದರ ಹಿಂದೆ ಓಡಿ ಓಡಿ ಅಚಲಕಂಠ ದಣಿದ. ಕುಡಿದ ವರ್ಷಗಳೆಲ್ಲ ಬೆವರಾಗಿ ಇಳಿದವು. ಗಡ್ಡ ಬೆಳ್ಳಗಾಯಿತು, ಬೆನ್ನು ಬಾಗಿತು, ಮಂಡಿ ಸೋತಿತು. ಕೂತವನು ಮತ್ತೆ ಏಳಲಿಲ್ಲ, ಕೂತಲ್ಲೇ ಒಂದು ಗುಂಡುಕಲ್ಲಾದ. ಶಂಖ ಪಟ್ಟನೆ ಒಡೆಯಿತು. ಒಳಗಿದ್ದ ನಾದವೆಲ್ಲ ಒಮ್ಮೆ ಗವಿಯಲ್ಲಿ ಸುತ್ತಿ, ಬಾಗಿಲು ದಾಟಿ, ಆಕಾಶಕ್ಕೆ ಹೋಯಿತು. ಕೇದಗೆ ಅದರ ಹಿಂದೆ ಓಡಿದಳು, ಒಂದು ತುಣುಕೂ ಸಿಗಲಿಲ್ಲ. ಸತ್ತವರಿಗಾಗಿ ಅಳುವಂತೆ ಅಲ್ಲೇ ಕೂತು ಅತ್ತಳು. ಅವಳ ಕಣ್ಣೀರಿಗೆ ಕೆನ್ನೆಯ ಬೊಟ್ಟು ಕರಗಿ ಹರಿದುಹೋಯಿತು. ಬೆಟ್ಟದ ಮೇಲೆ ಗಾಳಿ ಬೀಸತೊಡಗಿತು.

ಅವಳು ಊರಿಗೆ ಬಂದಾಗ ರಾಜ ಸಭೆ ಕರೆದ. "ನಮ್ಮ ಪುಟ್ಟಿ ಬಂದಳು!" ಎಂದು ಜನ ನೂಕಿಕೊಂಡು ಬಂದರು. ತಿಪ್ಪಯ್ಯ ಮುಂದಿನ ಸಾಲಿನಲ್ಲಿ ಕೂತ. ಕೇದಗೆ ಕೈ ಬದಲಿಸಿಕೊಂಡದ್ದನ್ನು ಕಂಡೇ ಅರ್ಧ ಜನ ಪಿಸಪಿಸ ಎಂದರು. ನುಡಿಸತೊಡಗಿದಾಗ ಮಂತ್ರಿ ಆಕಳಿಸಿ, "ಮೊದಲಿನ ಮುದ್ದು ಇಲ್ಲ," ಎಂದು ಎದ್ದುಹೋದ. ಅವನ ಹಿಂದೆ ಇನ್ನೂ ಕೆಲವರು ಹೋದರು. ಹೋಗದವರು ಕದಲದೆ ಕೂತಿದ್ದರು. ಆ ನಾದ ಅವರನ್ನು ಎಲ್ಲಿಗೋ ಕರೆದುಕೊಂಡು ಹೋಗುತ್ತಿತ್ತು, ಎಲ್ಲಿಗೆಂದು ಕೇಳಿದ್ದರೆ ಯಾರಿಗೂ ಹೇಳಲು ಬರುತ್ತಿರಲಿಲ್ಲ.

ನಡುವೆ ಕೇದಗೆಯ ಕೈ ನಿಂತಿತು. ಗಾಜನ್ನು ಎತ್ತಿ ಹಿಡಿದು ತಂತಿಗಳನ್ನೇ ನೋಡುತ್ತ ಕೂತಳು. ತಿಪ್ಪಯ್ಯ ಕೂತಲ್ಲಿಂದ ಅರ್ಧ ಎದ್ದ.

"ಮಹಾಪ್ರಭೂ, ಕ್ಷಮಿಸಬೇಕು," ಎಂದಳು ಅವಳು. "ಇಲ್ಲಿಂದ ಎಲ್ಲಿಗೆ ಹೋಗಬೇಕೋ ನನಗೆ ತಿಳಿಯುತ್ತಿಲ್ಲ."

ಹೇಮಕೇತು ಅವಳನ್ನು ನೋಡಿದ. ಇಷ್ಟು ವರ್ಷ ತನ್ನೆದುರು ಕೂರುತ್ತಿದ್ದ ಈ ಹೆಂಗಸನ್ನು ಅವನು ಇವತ್ತೇ ಮೊದಲ ಬಾರಿ ಕಂಡ. ಕಿರೀಟ ತೆಗೆದು ಪಕ್ಕಕ್ಕಿಟ್ಟು, ಸಿಂಹಾಸನದಿಂದಿಳಿದು, ಬರಿನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

"ನಿಧಾನವಾಗಿ ಹುಡುಕಿ, ತಾಯಿ," ಎಂದ. "ನಾವು ಕಾಯುತ್ತೇವೆ."

ಎಲ್ಲರೂ ಕಾದರು. ಹೊರಗೆ ಬಂದರಿನಲ್ಲಿ ಒಂದು ಹಡಗು ಬಂತು, ಒಂದು ಹೋಯಿತು. ಕೇದಗೆ ಕಣ್ಣು ಮುಚ್ಚಿ, ತೆರೆದು, ಗಾಜನ್ನು ಮೆಲ್ಲಗೆ ತಂತಿಗೆ ತಾಕಿಸಿದಳು.

ಅಂದು ಅವಳ ನಾದ ಹುಡುಕಿಕೊಂಡು ಹೋದ ದಾರಿಯಲ್ಲಿ ಶಂಖಾವತಿಯವರು ಬಹುಕಾಲ ಸುಖವಾಗಿ ನಡೆದರು. ಆನೆ ನಡೆಯಿತು, ಹೊಳೆ ಹರಿಯಿತು, ಕುಂಬಳಕಾಯಿಗಳು ಬೊಟ್ಟಿಲ್ಲದೆ ದೊಡ್ಡವಾದವು. ಕೇದಗೆಯ ಕೂದಲು ನಿಧಾನವಾಗಿ ಬೆಳ್ಳಗಾಯಿತು. ಅವಳು ಒಂದೇ ರಾಗವನ್ನು ಒಂದೇ ರೀತಿ ಎರಡು ಸಲ ನುಡಿಸಿದ್ದನ್ನು ಯಾರೂ ಕೇಳಲಿಲ್ಲ.